ಬುಟ್ಟಿಯ ತಳದ ಏಡಿಗಳು

ದೋಣಿಗಳು ಬಂದು ನಿಲ್ಲುವ ದಕ್ಕೆಯಲ್ಲಿ ಅತ್ತೆಯನ್ನು ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ಎಲ್ಲರಿಗೂ ಅವಳು ‘ದರ್ಜಿ’. ಸೂಜಿ ಹಿಡಿದವಳೇನಲ್ಲ, ಸೀರೆಯ ಅಂಚು ಬಿಟ್ಟರೂ ತಂದು ಅಮ್ಮನ ಮಡಿಲಿಗೆ ಹಾಕುವವಳು. ಮೀನುಗಾರಿಕೆ ಕಚೇರಿಯವರು ಅವಳನ್ನು ಏಡಿ ಅಳೆಯುವ ಕೆಲಸಕ್ಕೆ ಇಟ್ಟುಕೊಂಡ ಮೊದಲ ಬೆಳಿಗ್ಗೆ, ಒದ್ದೆ ಗೋಣಿಚೀಲದ ಮುಂದೆ ಕುಕ್ಕರಗಾಲಲ್ಲಿ ಕೂತು ಅವಳು ಏಡಿಯ ಬೆನ್ನಿಗೆ ಅಗಲ ಅಳೆಯುವ ಉಕ್ಕಿನ ಕ್ಯಾಲಿಪರ್ ಹಿಡಿದದ್ದನ್ನು ಕಂಡು, ಐಸ್ ಹೊರುವ ಮುದುಕ ಕೇಳಿದನಂತೆ: “ಏನಮ್ಮಾ, ಏಡಿಗೆ ಅಂಗಿ ಹೊಲೀತೀಯಾ?”

ಅತ್ತೆ ತಲೆ ಎತ್ತಲಿಲ್ಲ. “ಹೌದಜ್ಜ. ಹತ್ತು ಕೈಕಾಲು, ತೋಳಿಗೇ ಬಟ್ಟೆ ಸಾಲ್ತಿಲ್ಲ.”

ಅಂದಿನಿಂದ ಆ ಹೆಸರು ಅಂಟಿತು.

ಅವಳು ಅಪ್ಪನ ತಂಗಿ. ನಮ್ಮ ಮನೆಗೂ ಅವಳ ಮನೆಗೂ ನಡುವೆ ಇರುವುದು ಒಂದೇ ಗೋಡೆ. ಆ ಗೋಡೆಯಲ್ಲಿ ಒಂದು ಸಣ್ಣ ಕಿಂಡಿ. ಉಪ್ಪು, ಬೆಂಕಿಪೊಟ್ಟಣ, ಜಗಳ ಎಲ್ಲವೂ ಅದರಲ್ಲೇ ಹಾದುಹೋಗುತ್ತವೆ. ಈ ಕೆಲಸಕ್ಕೆ ಬರುವ ಮೊದಲು ಅವಳು ಐಸ್ ಕಾರ್ಖಾನೆಯ ಪಕ್ಕದ ಶೆಡ್ಡಿನಲ್ಲಿ ಏಡಿ ವಿಂಗಡಿಸುತ್ತಿದ್ದಳು. ತೂಕ ಹಾಕುವಾಗ ಹೆಂಗಸರು ಹೊರಗೆ ನಿಲ್ಲಬೇಕೆಂಬುದು ಅಲ್ಲಿನ ಮೇಸ್ತ್ರಿಯ ಕಟ್ಟಳೆ. ಒಂದು ದಿನ ಅತ್ತೆ ಹೊರಗೆ ಹೋಗಲಿಲ್ಲ. ವಿಂಗಡಿಸಿದವಳು ನಾನು, ತಕ್ಕಡಿಯ ಮುಳ್ಳು ಎಲ್ಲಿ ನಿಲ್ಲುತ್ತದೆಂದು ನೋಡುವವಳೂ ನಾನೇ ಎಂದು ಕಂಬಕ್ಕೆ ಒರಗಿ ನಿಂತಳು. ಹಾಗಾದರೆ ನಾಳೆಯಿಂದ ಬರಬೇಡ ಎಂದ ಮೇಸ್ತ್ರಿ. ನಾಳೆ ಯಾಕೆ ಎಂದು ಅತ್ತೆ ಆ ಕ್ಷಣವೇ ಕೈತೊಳೆದು ಹೊರಟಳು. ಆ ಕತೆಯನ್ನು ಅಪ್ಪ ಬಂದವರಿಗೆಲ್ಲ ಹೇಳುತ್ತಿದ್ದ. ನನ್ನ ತಂಗಿ ಎಂದು ಎದೆಯುಬ್ಬಿಸುತ್ತಿದ್ದ. ಅದೇ ಹಟ ಒಂದು ದಿನ ತನ್ನೆದುರೇ ಬಂದು ನಿಲ್ಲುತ್ತದೆಂದು ಆಗ ಅವನಿಗೆ ಹೊಳೆದಿರಲಾರದು.

ಏಡಿ ಅಳೆಯುವುದು ನೋಡಲು ಸುಲಭ. ಹಿಂದಿನಿಂದ ಕೈಹಾಕಬೇಕು, ಹೆಬ್ಬೆರಳು ಹೊಟ್ಟೆಯ ಕೆಳಗೆ, ಉಳಿದ ಬೆರಳು ಬೆನ್ನಿನ ಮೇಲೆ. ಕೊಂಡಿ ಎಷ್ಟು ಬೀಸಿದರೂ ಅಲ್ಲಿಗೆ ಎಟಕುವುದಿಲ್ಲ. ಬೆನ್ನಚಿಪ್ಪಿನ ಎರಡು ಬದಿಯಲ್ಲಿ ಚೂಪಾದ ಮುಳ್ಳುಗಳಿರುತ್ತವೆ. ಒಂದರ ತುದಿಯಿಂದ ಇನ್ನೊಂದರ ತುದಿಗೆ ಇರುವುದೇ ಏಡಿಯ ಅಗಲ. ತಿರುಗಿಸಿ ಹೊಟ್ಟೆಯ ಮಡಿಕೆ ನೋಡಬೇಕು: ಕಿರಿದಾಗಿ ಚೂಪಾಗಿದ್ದರೆ ಗಂಡು, ಅಗಲವಾಗಿ ದುಂಡಗಿದ್ದರೆ ಹೆಣ್ಣು. ಮಡಿಕೆಯ ಕೆಳಗೆ ಮೊಟ್ಟೆ ಇದ್ದರೆ ಬಣ್ಣ ಬರೆದುಕೊಳ್ಳಬೇಕು. ಹೊಸತಾದರೆ ಕಿತ್ತಳೆ, ಒಡೆಯುವ ಕಾಲ ಬಂದರೆ ಕಪ್ಪು. ಚಿಪ್ಪನ್ನು ಹೆಬ್ಬೆರಳಿನಿಂದ ಒತ್ತಿ ನೋಡಬೇಕು; ಬಗ್ಗಿದರೆ ಈಚೆಗೆ ಪೊರೆ ಬಿಟ್ಟದ್ದು, ಮೈ ಇನ್ನೂ ಹಸಿ. ಮುರಿದ ಕಾಲು, ಹೊಸದಾಗಿ ಮೊಳೆಯುತ್ತಿರುವ ಕಾಲು, ಎಲ್ಲಕ್ಕೂ ಲೆಕ್ಕ. ಮುಳ್ಳಿನ ತುದಿ ಮುರಿದಿದ್ದರೆ ಎಷ್ಟಿದ್ದಿರಬಹುದು ಎಂದು ಊಹಿಸುವಂತಿಲ್ಲ, ಮುರಿದಿದೆ ಎಂದೇ ಬರೆಯಬೇಕು. ಅತ್ತೆಗೆ ಈ ಕೆಲಸ ಕಲಿಸಿದವರು ಕಚೇರಿಯ ಅಧಿಕಾರಿ. ತಾಳ್ಮೆಯ ಮನುಷ್ಯ, ಬಿಸಿಲಿಗೆ ಮೂಗು ಸುಲಿದುಕೊಂಡು ಅವಳ ಜೊತೆ ದಕ್ಕೆಯಲ್ಲಿ ಕೂರುತ್ತಿದ್ದರು. ಅವರು ಒತ್ತಿ ಹೇಳಿದ ಮಾತು ಒಂದೇ: ಬುಟ್ಟಿಯಲ್ಲಿ ಬಂದದ್ದೆಲ್ಲ ಅಳೆಯಬೇಕು, ಆರಿಸಬಾರದು.

ಅತ್ತೆ ಎಂದೂ ಆರಿಸಲಿಲ್ಲ. ಆರಿಸಿದವರು ಬೇರೆ.

ದೋಣಿ ದಡ ಮುಟ್ಟುತ್ತಲೇ ಏಡಿ ಹಿಡಿಯುವವರು ಒಬ್ಬೊಬ್ಬರಾಗಿ ಅವಳ ಗೋಣಿಯ ಮುಂದೆ ಬುಟ್ಟಿ ತಂದಿಡುತ್ತಿದ್ದರು. ಅಂಗೈ ಮೀರಿದ ಏಡಿಗಳು, ಬಲಿತ ಚಿಪ್ಪು, ಪಳಪಳ ಹೊಳೆಯುವ ಕೊಂಡಿ. ಮರಿಗಳು, ಒಂಟಿ ಕೊಂಡಿಯವು, ಮೆತ್ತಗಿನವು ದೋಣಿಯ ಹಲಗೆಯ ಕೆಳಗಿನ ಬಕೆಟ್ಟಿನಲ್ಲೇ ಉಳಿಯುತ್ತಿದ್ದವು. ಇದರಲ್ಲಿ ಮೋಸವಿರಲಿಲ್ಲ. ಮನೆಗೆ ಬಂದವರಿಗೆ ಕಿವಿ ಒಡೆದ ಲೋಟದಲ್ಲಿ ನೀರು ಕೊಡುತ್ತೇವೆಯೇ? ನಮ್ಮ ಹುಡುಗಿ ಸರ್ಕಾರದ ಸಾಮಾನು ಹಿಡಿದು ಕೂತಿದ್ದಾಳೆ, ಅವಳ ಮುಂದೆ ಇಂಥದ್ದನ್ನು ಇಡುವುದೇ ಎಂಬ ಸಂಕೋಚ. ಜೊತೆಗೆ ಒಬ್ಬರ ಬುಟ್ಟಿ ನೋಡಿ ಇನ್ನೊಬ್ಬರಿಗೆ ಪೈಪೋಟಿ. ಆ ಪೈಪೋಟಿಯಲ್ಲಿ ಅಪ್ಪನೇ ಮುಂದು. ದಕ್ಕೆಯಲ್ಲಿ ಅವನ ಹೆಸರೇ ‘ದೊಡ್ಡೇಡಿ’. ಅತ್ತೆ ಅಳತೆಯನ್ನು ಬಾಯಲ್ಲಿ ಓದುವಾಗ ಅವನು ಬೀಡಿ ಹಚ್ಚುವುದನ್ನೂ ಮರೆತು ಕೇಳುತ್ತಿದ್ದ.

ಆಮೇಲೆ ಕಚೇರಿಯಿಂದ ಹೊಸ ಕೆಲಸ ಬಂತು. ಹೊಳೆ ಕಡಲನ್ನು ಸೇರುವ ಅಳಿವೆಯ ಅಂಚಿನಲ್ಲಿ, ಕೆಸರಿನಲ್ಲಿ ಸಿಗುವ ಎಳೆಯ ಏಡಿಗಳನ್ನು ಹಿಡಿದು, ಬೆನ್ನಿಗೆ ಗುರುತು ಹಾಕಿ ಮತ್ತೆ ಬಿಡಬೇಕು. ಮುಂದೆ ಬುಟ್ಟಿಗಳಲ್ಲಿ ಅವು ಎಷ್ಟು ಮರಳಿ ಬರುತ್ತವೆ ಎಂದು ನೋಡಬೇಕು. ಗುರುತಿಗೆ ಅತ್ತೆ ಆರಿಸಿದ್ದು ಕೆಂಪು ಉಗುರುಬಣ್ಣ; ಪೊರೆಯೊಂದಿಗೆ ಅದೂ ಕಳಚುವುದರಿಂದ ಹೊಸ ಮರಿಗಳಿಗೆ ಆಗಾಗ ಹಚ್ಚುತ್ತಿರಬೇಕು. ಜೀವಮಾನದಲ್ಲಿ ಉಗುರಿಗೆ ಬಣ್ಣ ಹಚ್ಚದವಳು ಅಂಗಡಿಯಲ್ಲಿ ನಿಂತು ಶೀಸೆ ಶೀಸೆ ತೆಗೆದು ನೋಡಿದಳು. ಯಾರಿಗೆ ಎಂದು ಅಂಗಡಿಯವಳು ಕೇಳಿದಾಗ, ನಾಚಿಕೆ ಸ್ವಭಾವದವರಿಗೆ, ಬೇಗ ಒಣಗಬೇಕು ಎಂದಳು.

ಇದರ ಲೆಕ್ಕವನ್ನು ಅವಳೇ ಒಮ್ಮೆ ಅಮ್ಮನಿಗೆ ಕಿಂಡಿಯಲ್ಲಿ ಬಿಡಿಸಿ ಹೇಳಿದ್ದಳು. ಒಂದು ಮೂಟೆ ಹೆಸರುಕಾಳಿಗೆ ಬಣ್ಣ ಹಾಕಿದ ಒಂದು ಹಿಡಿ ಕಾಳು ಬೆರೆಸು. ಚೆನ್ನಾಗಿ ಕಲಸಿ ಒಂದು ಬೊಗಸೆ ತೆಗೆ. ಬಣ್ಣದ ಕಾಳು ತುಂಬ ಸಿಕ್ಕರೆ ಮೂಟೆ ಚಿಕ್ಕದು. ಒಂದೂ ಸಿಗದಿದ್ದರೆ ಮೂಟೆ ಬಲು ದೊಡ್ಡದು.

ಬುಟ್ಟಿಗಳಲ್ಲಿ ಕೆಂಪು ಚುಕ್ಕೆಯ ಏಡಿ ಒಂದೂ ಬರಲಿಲ್ಲ.

ಮಳೆಗಾಲ ಕಳೆದ ಮೇಲೆ ಸುದ್ದಿ ಬಂತು. ಅಳಿವೆಯ ಬಾಯಲ್ಲಿ ಮರಳು ಎತ್ತುವ ಯಂತ್ರದೋಣಿ ತರುತ್ತಾರಂತೆ. ಅತ್ತೆಯ ಅಳತೆಗಳಿಂದ ಕಚೇರಿ ಬರೆದ ವರದಿಯ ಪ್ರಕಾರ ಇಲ್ಲಿ ಏಡಿಗಳು ದೊಡ್ಡವು, ಅಪಾರ. ಸ್ವಲ್ಪ ಮರಳು ಎತ್ತಿದರೆ ಅವುಗಳಿಗೇನೂ ತೊಂದರೆಯಿಲ್ಲ. ಮೊಟ್ಟೆ ಹೊತ್ತ ಹೆಣ್ಣುಗಳು ಕಡಲಿಗೆ ಇಳಿಯುವುದು ಆ ಬಾಯಿಂದಲೇ ಎಂದು ದಕ್ಕೆಯ ಎಲ್ಲರಿಗೂ ಗೊತ್ತು. ಆ ದಾರಿ ಕಲಕಿದರೆ ಬುಟ್ಟಿಗೆ ಬರಲು ಏನೂ ಉಳಿಯುವುದಿಲ್ಲ. ಎಲ್ಲರ ಕಣ್ಣು ಅತ್ತೆಯ ಕಡೆ ತಿರುಗಿತು. ನಮ್ಮ ಅನ್ನಕ್ಕೆ ಕಲ್ಲು ಹಾಕಿದವಳು ದರ್ಜಿಯೇ ಎಂದರು. ನೀವು ಕೊಟ್ಟದ್ದನ್ನು ಬರೆದೆ, ಮನೆಯಿಂದ ತಂದು ಬರೆಯಲಿಲ್ಲ ಎಂದು ಅವಳೂ ಹೇಳಿದಳು. ಹೇಳಿದಳಾದರೂ ಮನಸ್ಸಿನಲ್ಲೊಂದು ಮುಳ್ಳು ಉಳಿಯಿತು. ಅಷ್ಟೊಂದು ಚುಕ್ಕೆಯ ಏಡಿಗಳು ಎಲ್ಲಿ ಹೋದವು?

ಉತ್ತರ ಸಿಕ್ಕಿದ್ದು ನಮ್ಮ ಅಡಿಗೆಮನೆಯಲ್ಲಿ. ಒಂದು ಮಧ್ಯಾಹ್ನ ಅತ್ತೆ ಉಪ್ಪಿಗೆಂದು ಬಂದಳು. ಕಿಂಡಿಯ ಮುಂದೆ ಅಮ್ಮ ಪಾತ್ರೆ ಪೇರಿಸಿಟ್ಟಿದ್ದರಿಂದ ಬಾಗಿಲಿನಿಂದಲೇ ಬರಬೇಕಾಯಿತು. ಒಲೆಯ ಪಕ್ಕದ ತಪ್ಪಲೆಯಲ್ಲಿ ಏನೋ ಪರಚುತ್ತಿತ್ತು. ಅಭ್ಯಾಸಬಲದಿಂದ ಅತ್ತೆ ಮುಚ್ಚಳ ಎತ್ತಿದಳು. ಬೆರಳುದ್ದದ ಎಳೆಯ ಏಡಿಗಳು ಒಂದರ ಮೇಲೊಂದು. ಕೆಲವುಗಳ ಬೆನ್ನ ಮೇಲೆ, ನಿನ್ನೆ ಹಚ್ಚಿದಂತೆ, ಕೆಂಪು ಚುಕ್ಕೆ.

ಮೊದಲು ಅವಳು ನಕ್ಕಳು. ಆಮೇಲೆ ನಗು ನಿಂತಿತು.

“ಅತ್ತಿಗೆ, ಇವು ಎಷ್ಟು ದಿನದಿಂದ ಬರ್ತಿವೆ?”

“ಯಾವಾಗ್ಲೂ ಬರ್ತಾವಲ್ಲ,” ಎಂದಳು ಅಮ್ಮ. “ಮೊದಮೊದಲು ಕೆಂಪು ನೋಡಿ ನಂಗೂ ಭಯ ಆಯ್ತು. ನಿಮ್ಮಣ್ಣ, ಅದು ತಂಗಿ ಇಟ್ಟ ಕುಂಕುಮ, ತೊಳೆದು ಬೇಯ್ಸು ಅಂದ್ರು.”

ಅಪ್ಪ ಜಗಲಿಯಲ್ಲಿ ಬಲೆ ಸರಿಮಾಡುತ್ತ ಕೂತಿದ್ದ. ಅತ್ತೆ ತಪ್ಪಲೆಯನ್ನು ಹಾಗೇ ತಂದು ಅವನ ಮುಂದಿಟ್ಟಳು. ಇದನ್ನು ಯಾಕೆ ಗೋಣಿಗೆ ತರಲಿಲ್ಲ ಎಂದು ಕೇಳಿದಳು. ಮನೆಗೆ ತಂದದ್ದು ಮನೆಯದು, ದಕ್ಕೆಗೆ ತಂದದ್ದು ದಕ್ಕೆಯದು ಎಂದ ಅಪ್ಪ. ದಡದಲ್ಲಿ ಹತ್ತು ಜನರ ಎದುರು ಇಂಥ ಪುಡಿಯನ್ನು ಬಿಡಿಸಿಟ್ಟು ಕೂರಲು ತನಗೇನು ಬಂದಿದೆ ಎಂದ. ಎಲ್ಲರೂ ಹೀಗೇ ಮಾಡುತ್ತಾರೆ ಎಂದೂ ಹೇಳಿದ. ಅದು ಸಮಾಧಾನದ ಮಾತೆಂದು ಅವನೆಣಿಸಿದ್ದ.

ಅತ್ತೆ ಗೋಡೆಗೆ ಒರಗಿ ಕೂತಳು. ತಳದ ಏಡಿಗಳನ್ನು ಯಾರೂ ತೋರಿಸದೆ ಇದ್ದದ್ದಕ್ಕೆ ಅಳತೆ ದೊಡ್ಡದಾಗಿತ್ತು. ಚುಕ್ಕೆಯವು ತಪ್ಪಲೆಗೆ ಹೋಗಿದ್ದಕ್ಕೆ ಮೂಟೆಯೂ ದೊಡ್ಡದಾಗಿತ್ತು. ಯಂತ್ರದೋಣಿಗೆ ಅಳಿವೆಯ ಬಾಗಿಲು ತೆಗೆದದ್ದು ಇಡೀ ದಕ್ಕೆಯ ಮರ್ಯಾದೆ.

ಮರುದಿನ ಅವಳು ಕಚೇರಿಗೆ ಹೋದಳು. ಚಪ್ಪಲಿಯ ಕೆಸರನ್ನೂ ಒರೆಸದೆ ಅಧಿಕಾರಿಯ ಮೇಜಿನ ಮುಂದೆ ನಿಂತು, ನನ್ನ ಅಳತೆ ಸರಿ, ಆದರೆ ಅಳೆಯಲು ಸಿಕ್ಕಿದ್ದು ಅರ್ಧ ಬುಟ್ಟಿ ಎಂದಳು. ಅವರು ಹಳೆಯ ಅಳತೆಯ ಪುಸ್ತಕ ತೆಗೆದು ಹಾಳೆ ತಿರುವಿದರು. ಬುಟ್ಟಿ ಪೂರ್ತಿಯೇ ಎಂದು ತಾನೂ ಒಮ್ಮೆ ದೋಣಿಗೆ ಇಳಿದು ನೋಡಬೇಕಿತ್ತು ಎಂದರು. ಆದರೆ ವರದಿ ಮೇಲಿನವರ ಕೈ ಸೇರಿದೆ, ಮರಳಿನ ತೀರ್ಮಾನದ ಸಭೆಗೆ ದಿನ ಗೊತ್ತಾಗಿದೆ. ಬಾಯಿಮಾತಿಗೆ ಅದನ್ನು ಹಿಂದಕ್ಕೆ ಪಡೆಯಲು ಆಗುವುದಿಲ್ಲ. ಹೊಸ ಅಳತೆ ಬೇಕು, ಒಂದಲ್ಲ, ಹಲವು ದೋಣಿಗಳದ್ದು; ಸಭೆಗೆ ಮುಂಚೆ ನಾನೇ ದಕ್ಕೆಗೆ ಬಂದು ಕಣ್ಣಾರೆ ನೋಡುತ್ತೇನೆ ಎಂದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅನ್ನುವ ಜನರ ಹಾಗೆ ಅವರು ನುಣುಚಿಕೊಳ್ಳಲಿಲ್ಲ ಎಂದು ಅತ್ತೆ ಇಂದಿಗೂ ಹೇಳುತ್ತಾಳೆ.

ಸುದ್ದಿ ದಕ್ಕೆಗೆ ಅವಳಿಗಿಂತ ಮೊದಲೇ ಮುಟ್ಟಿತ್ತು. ಮಾರನೆಯ ಬೆಳಿಗ್ಗೆ ಗೋಣಿಯ ಮುಂದೆ ಸಾಲಾಗಿ ಬಂದ ಬುಟ್ಟಿಗಳನ್ನು ನೋಡಿ ಅತ್ತೆ ಕ್ಯಾಲಿಪರನ್ನು ಕೈಗೆತ್ತಿಕೊಳ್ಳಲೇ ಇಲ್ಲ. ಎಲ್ಲ ಬುಟ್ಟಿಯಲ್ಲೂ ಮರಿಗಳೇ. ಕಾಲಿಲ್ಲದವು, ಕೊಂಡಿಯಿಲ್ಲದವು, ಬದುಕುವ ಆಸೆಯೇ ಇಲ್ಲದಂಥವು. ದೊಡ್ಡವೆಲ್ಲ ಈಗ ಹಲಗೆಯ ಕೆಳಗೆ ಸೇರಿದ್ದವು. ಜನ ಮುಖ ಬಾಡಿಸಿಕೊಂಡು ನಿಂತಿದ್ದರು, ಸಾವಿನ ಮನೆಗೆ ಬಂದವರ ಹಾಗೆ. ಐಸಿನ ಮುದುಕನಂತೂ ಟೊಪ್ಪಿಗೆಯನ್ನೂ ತೆಗೆದು ಕೈಯಲ್ಲಿ ಹಿಡಿದಿದ್ದ.

“ನಿನ್ನೆವರೆಗೂ ಚಿಕ್ಕದನ್ನ ಮುಚ್ಚಿಟ್ರಿ. ಇವತ್ತು ದೊಡ್ಡದನ್ನ ಮುಚ್ಚಿಟ್ಟಿದ್ದೀರಿ,” ಎಂದಳು ಅತ್ತೆ. “ಬುಟ್ಟಿ ಪೂರ್ತಿ ಮಗುಚೋರು ಯಾರಾದ್ರೂ ಇದ್ರೆ ಅಳೀತೀನಿ. ಇಲ್ಲಾಂದ್ರೆ ಎತ್ಕೊಂಡು ಹೋಗಿ.”

“ನಮ್ಮೆಲ್ರ ಒಳ್ಳೇದಕ್ಕೇ ತಾನೇ,” ಎಂದ ಒಬ್ಬ. “ಚಿಕ್ಕದು ಬರೆದ್ರೆ ಯಂತ್ರ ಬರಲ್ಲ.”

“ಸುಳ್ಳು ಬರೆದು ಯಂತ್ರ ನಿಲ್ಸಿದ್ರೆ, ನಾಳೆ ಅವರು ಒಂದು ದೊಡ್ಡ ಏಡಿ ಹಿಡಿದು ತೋರಿಸ್ತಾರೆ. ಅಲ್ಲಿಗೆ ನನ್ನ ಮಾತೂ ಹೋಯ್ತು, ನಿಮ್ಮ ಅಳಿವೆನೂ ಹೋಯ್ತು.”

ಅಪ್ಪ ಹಿಂದಿನಿಂದ ಮುಂದೆ ಬಂದ. ಎಲ್ಲರ ಎದುರು, ತಣ್ಣನೆಯ ದನಿಯಲ್ಲಿ, “ಊರಿಗೆ ಉಪಕಾರಿ, ಮನೆಗೆ ಮಾರಿ ಅಂತಾರೆ. ನೀನು ಎರಡಕ್ಕೂ ಮಾರಿನೇ,” ಎಂದ.

ಅತ್ತೆ ಗೋಣಿಯನ್ನು ಝಾಡಿಸಿ ಮಡಚಿದಳು. ಅಂದಿನಿಂದ ಯಾರೂ ಬುಟ್ಟಿ ತರಲಿಲ್ಲ. ಕಿಂಡಿಗೆ ಅಪ್ಪ ಒಂದು ಹಲಗೆ ಹೊಡೆದ.

ಅವಳು ಹಾಳು ಬಿದ್ದಿದ್ದ ಒಂದು ಪುಟ್ಟ ದೋಣಿಯನ್ನು ಕೇಳಿ ತಂದಳು. ಬಿರುಕಿಗೆ ಡಾಂಬರು ಹಚ್ಚಿದಳು. ಕಚೇರಿಯ ತಂತಿಬಲೆಯ ಬೋನುಗಳನ್ನು ಅದರಲ್ಲಿ ಪೇರಿಸಿ, ಹುಟ್ಟು ಹಾಕಲು ಯಾರನ್ನು ಕರೆಯುವುದೆಂದು ದಡದಲ್ಲಿ ನಿಂತಿದ್ದಾಗ, ಸೀರೆ ಎತ್ತಿಕಟ್ಟಿಕೊಂಡು ಅಮ್ಮ ಬಂದಳು. ಅಪ್ಪನಿಗೆ ಅನ್ನ ಯಾರು ಹಾಕುತ್ತಾರೆಂದು ಅತ್ತೆ ಕೇಳಿದಳಂತೆ. ಏಡಿಯನ್ನೇ ಹಿಡಿಯಲು ಬರುವವರಿಗೆ ಸೌಟು ಹಿಡಿಯಲು ಬರುವುದಿಲ್ಲವೇ ಎಂದು ಅಮ್ಮ ಹುಟ್ಟು ಕೈಗೆತ್ತಿಕೊಂಡಳು.

ಇಬ್ಬರೂ ಅಳಿವೆಯನ್ನು ಉದ್ದಕ್ಕೆ ಅಡ್ಡಕ್ಕೆ ಸುತ್ತಿದರು. ಏಡಿ ಹೆಚ್ಚು ಸಿಗುವ ಗುಂಡಿಗಳು ಅಮ್ಮನಿಗೂ ಗೊತ್ತಿದ್ದವು. ಅಲ್ಲಿ ಮಾತ್ರ ಹಾಕಿದರೆ ಅದೂ ಆರಿಸಿದ ಹಾಗೆಯೇ ಎಂದು ಅತ್ತೆ ಒಪ್ಪಲಿಲ್ಲ. ಸಮ ಸಮ ದೂರಕ್ಕೆ, ಸಿಗಲಿ ಬಿಡಲಿ, ಬೋನು ಇಳಿಸಿದರು. ಎತ್ತಿದ್ದೆಲ್ಲ ಒದ್ದೆ ಗೋಣಿಯ ಮೇಲೆ. ಅಳೆದದ್ದೆಲ್ಲ ಮರಳಿ ನೀರಿಗೆ. ಬಿಸಿಲು ಹತ್ತದಂತೆ ಏಡಿಗಳ ಮೇಲೆ ಅಮ್ಮ ತನ್ನ ಸೆರಗನ್ನು ನೆನೆಸಿ ಹರಡುತ್ತಿದ್ದಳು. ಹೊಟ್ಟೆಯ ಮಡಿಕೆ ಸರಿಸಿ ಮೊಟ್ಟೆಯ ಬಣ್ಣ ಹೇಳುವುದರಲ್ಲಿ ಅವಳು ಅತ್ತೆಗಿಂತ ಚುರುಕಾದಳು. ಬಸುರಿ ಹೆಣ್ಣನ್ನು ನೋಡಿ ತಿಂಗಳು ಹೇಳುವವಳಿಗೆ ಇದೇನು ಮಹಾ ಎನ್ನುತ್ತಿದ್ದಳು. ಚುಕ್ಕೆಯ ಏಡಿಗಳು ಮತ್ತೆ ಮತ್ತೆ ಬೋನಿಗೆ ಬಂದವು. ಒಂದಂತೂ ದಿನಾ ಬಂದು ಕೂರುತ್ತಿತ್ತು; ಅಮ್ಮ ಅದನ್ನು ‘ಬೀಗರು’ ಎಂದು ಕರೆದಳು. ಅತ್ತೆಗೆ ಮಾತ್ರ ಅದರಲ್ಲಿ ನಗುವಂಥದ್ದು ಕಾಣಲಿಲ್ಲ. ಬಣ್ಣದ ಕಾಳು ಪ್ರತಿ ಬೊಗಸೆಯಲ್ಲೂ ಸಿಗುತ್ತಿತ್ತು. ಮೂಟೆ ಚಿಕ್ಕದಿತ್ತು.

ಅಧಿಕಾರಿ ಬರುವ ದಿನ ದಕ್ಕೆಯಲ್ಲಿ ಎಲ್ಲರೂ ಇದ್ದರು, ಕೆಲಸವಿದ್ದವರೂ ಇಲ್ಲದವರೂ. ದೂರದಲ್ಲಿ, ಅಳಿವೆಯ ಬಾಯಾಚೆ, ಯಂತ್ರದೋಣಿ ಆಗಲೇ ಲಂಗರು ಹಾಕಿ ನಿಂತಿತ್ತು, ಊಟಕ್ಕೆ ಮೊದಲೇ ಎಲೆಯ ಮುಂದೆ ಕೂತ ನೆಂಟನ ಹಾಗೆ. ಅತ್ತೆ ತನ್ನ ಅಳತೆಗಳನ್ನು ತೋರಿಸಿದಳು. ಅವರು ಒಂದೊಂದನ್ನೂ ನೋಡಿದರು, ಆ ಬೆಳಿಗ್ಗೆ ಬೋನಿಗೆ ಬಂದ ಕೆಲವು ಏಡಿಗಳನ್ನು ತಾವೇ ಅಳೆದರು, ತಲೆದೂಗಿದರು. ಆದರೆ ಇದು ಒಂದೇ ದೋಣಿಯದ್ದು ಎಂದರು. ಇಡೀ ದಕ್ಕೆಯ ಹಳೆಯ ಅಳತೆಯ ಎದುರು ಒಂದು ದೋಣಿಯದ್ದು ನಿಲ್ಲುವುದಿಲ್ಲ.

ಯಾರೂ ಅಲುಗಲಿಲ್ಲ. ಸುಳ್ಳು ಬುಟ್ಟಿಯನ್ನು ಅವಳು ಮುಟ್ಟುವುದಿಲ್ಲ. ನಿಜದ ಬುಟ್ಟಿಯನ್ನು ತೋರಿಸಲು ಒಬ್ಬರಿಗೂ ಮುಖವಿಲ್ಲ.

ಆಗ ಅಧಿಕಾರಿ ಅಪ್ಪನನ್ನು ಗುರುತಿಸಿದರು. ಹಳೆಯ ಅಳತೆಯಲ್ಲಿ ಎಲ್ಲರಿಗಿಂತ ದೊಡ್ಡ ಏಡಿಗಳು ಯಾವಾಗಲೂ ಅವನವೇ. ಅವರು ಮನಸಾರೆ ಹೇಳಿದರು: “ನಿಮ್ಮ ಕೈಗೆ ಬೀಳೋ ಏಡಿ ಇಡೀ ದಕ್ಕೆಯಲ್ಲಿ ಯಾರಿಗೂ ಸಿಗಲ್ಲ. ವರದಿಯಲ್ಲಿ ಅಷ್ಟು ಒಳ್ಳೆ ಅಳತೆ ಬಂದಿದ್ದೇ ನಿಮ್ಮ ಬುಟ್ಟಿಯಿಂದ.”

ಇಡೀ ಜೀವನ ಅಪ್ಪ ಕಾದಿದ್ದ ಮಾತು ಅದು. ಹತ್ತು ಜನರ ಎದುರು, ಕಚೇರಿಯವರ ಬಾಯಿಂದ. ಅದು ಬಂದಾಗ ಅವನು ಕಡಲಿನ ಕಡೆ ನೋಡಿದ, ಲಂಗರು ಹಾಕಿದ ಯಂತ್ರದೋಣಿಯ ಕಡೆ. ತನ್ನ ದೋಣಿಗೆ ಇಳಿದು ಹೋದ. ಹಲಗೆ ಕಿತ್ತ ಸದ್ದು ದಡಕ್ಕೆ ಕೇಳಿಸಿತು. ಒಂದು ಕೈಯಲ್ಲಿ ಬುಟ್ಟಿ, ಒಂದು ಕೈಯಲ್ಲಿ ಬಕೆಟ್ಟು ಹಿಡಿದು ಬಂದ. ಮೊದಲು ಬುಟ್ಟಿ, ಅದರ ಮೇಲೆ ಬಕೆಟ್ಟು, ಎರಡನ್ನೂ ಗೋಣಿಯ ಮೇಲೆ ಮಗುಚಿದ.

ಅಂಗೈ ಮೀರಿದ್ದು ಒಂದು. ಉಳಿದದ್ದೆಲ್ಲ ಪುಡಿ. ಒಂಟಿ ಕೊಂಡಿಯವು, ಬೆರಳಿಗೆ ಬಗ್ಗುವ ಹಸಿ ಚಿಪ್ಪಿನವು, ಹೊಟ್ಟೆಯಡಿ ಕಪ್ಪು ಮೊಟ್ಟೆ ಹೊತ್ತ ಒಂದು ಹೆಣ್ಣು, ಕೆಂಪು ಚುಕ್ಕೆಯ ಮರಿಗಳು. ದೊಡ್ಡೇಡಿಯ ಬುಟ್ಟಿಯ ತಳವನ್ನು ದಕ್ಕೆ ಮೊದಲ ಸಲ ನೋಡಿತು. ಯಾರೂ ನಗಲಿಲ್ಲ.

“ಅಳಿ,” ಎಂದ ಅಪ್ಪ. “ಎಲ್ಲಾನೂ ಅಳಿ. ಬಾಯಲ್ಲಿ ಓದು, ಎಲ್ರಿಗೂ ಕೇಳ್ಸೋ ಹಾಗೆ.”

ಅತ್ತೆ ಓದಿದಳು. ಪ್ರತಿ ಏಡಿಯನ್ನೂ, ಪ್ರತಿ ಮುರಿದ ಕಾಲನ್ನೂ. ಅವಳ ದನಿ ಒಂದು ಕಡೆಯೂ ಮೆತ್ತಗಾಗಲಿಲ್ಲ, ಅಣ್ಣನದೆಂದು ಒಂದು ಗೆರೆಯನ್ನೂ ಸಡಿಲಿಸಲಿಲ್ಲ. ಅಪ್ಪ ಕೈಕಟ್ಟಿಕೊಂಡು, ತಲೆಯೆತ್ತಿ, ಅಧಿಕಾರಿಯ ಕಣ್ಣನ್ನೇ ನೋಡುತ್ತ ನಿಂತಿದ್ದ. ಅವಳು ಮುಗಿಸುವಷ್ಟರಲ್ಲಿ ದೋಣಿ ದೋಣಿಗಳಲ್ಲಿ ಹಲಗೆ ಎತ್ತುವ ಸದ್ದು ಶುರುವಾಗಿತ್ತು.

ಸಭೆಯಲ್ಲಿ ಹಳೆಯ ವರದಿಯನ್ನು ಪಕ್ಕಕ್ಕಿಟ್ಟರು. ಒಂದು ವರ್ಷ, ಎಲ್ಲ ದೋಣಿಗಳ ಪೂರ್ತಿ ಬುಟ್ಟಿ ಅಳೆದ ಮೇಲೆ ಮರಳಿನ ಮಾತು ಎಂದು ತೀರ್ಮಾನವಾಯಿತು. ಗೆದ್ದೆವೆಂದು ದಕ್ಕೆ ಹಾರಾಡಿತು. ಅತ್ತೆ ಹಾರಾಡಲಿಲ್ಲ. ಇನ್ನೂ ನಿಂತೇ ಇದೆಯಲ್ಲ ಎಂದು ಯಂತ್ರದೋಣಿಯನ್ನು ತೋರಿಸಿದಳು. ಅದು ಈಗಲೂ ಅಲ್ಲೇ ಇದೆ, ವರ್ಷ ಮುಗಿಯುವುದನ್ನು ಕಾಯುತ್ತ. ಅವಳು ಗೋಣಿ ಹಾಸುವ ಜಾಗ ಬದಲಿಸಿದ್ದಾಳೆ. ಮೊದಲು ನೆರಳಿನಲ್ಲಿ, ಅಂಗಡಿಗಳ ಕಡೆ ಮುಖಮಾಡಿ ಕೂರುತ್ತಿದ್ದವಳು ಈಗ ದಕ್ಕೆಯ ತುದಿಯಲ್ಲಿ, ನೇರ ಅದಕ್ಕೆ ಮುಖ ಕೊಟ್ಟು ಕೂರುತ್ತಾಳೆ.

ಕಿಂಡಿಯ ಹಲಗೆಯನ್ನು ಅಪ್ಪ ಕಿತ್ತಿದ್ದಾನೆ, ಮೊಳೆಗಳನ್ನು ಮಾತ್ರ ಹಾಗೇ ಬಿಟ್ಟಿದ್ದಾನೆ. ಬೆಳಿಗ್ಗೆ ದಡಕ್ಕೆ ಬಂದವನೇ ಎಲ್ಲರಿಗಿಂತ ಮೊದಲು ಬುಟ್ಟಿ ಮಗುಚುತ್ತಾನೆ. ಮೊನ್ನೆ ಕಾಲು ಬೆರಳಿನಷ್ಟಿದ್ದ ಒಂದು ಮರಿಯನ್ನು ಎತ್ತಿ, “ತಗೋ ದರ್ಜಿ, ಇವನಿಗೂ ಒಂದು ಅಂಗಿ,” ಎಂದ.

ಅತ್ತೆ ಅಳೆದಳು, ಓದಿದಳು, ಬೆನ್ನಿಗೆ ಚುಕ್ಕೆ ಇಟ್ಟು, ಒಣಗಲೆಂದು ಊದಿದಳು. ಆಮೇಲೆ ಎದ್ದು ದಕ್ಕೆಯ ಅಂಚಿಗೆ ಹೋಗಿ ಅದನ್ನು ನೀರಿಗೆ ಬಿಟ್ಟಳು, ಯಂತ್ರದೋಣಿ ನಿಂತಿರುವ ದಿಕ್ಕಿಗೇ.

“ಬೆಳೆದು ಬಾ,” ಎಂದಳು. “ಮತ್ತೆ ಅಳೀತೀನಿ.”